ಕಾಲಿಲ್ಲದ ಈಜು ಮೇಷ್ಟ್ರು

ಒಂದು ಕಾಡಿನಲ್ಲಿ ಒಂದು ದೊಡ್ಡ ಕೆರೆಯಿತ್ತು. ಅದರ ಈಚೆ ದಡದಲ್ಲಿ ಚೆನ್ನಿ ಎಂಬ ಕಪ್ಪೆಯಿದ್ದಳು. ಕಪ್ಪೆಗೆ ಈಜು ಬರುವುದಿಲ್ಲವೆಂದರೆ ಯಾರಾದರೂ ನಕ್ಕಾರು. ಚೆನ್ನಿಗೆ ಬರುತ್ತಿತ್ತು, ಆದರೆ ಅರ್ಧ ಕೆರೆಯವರೆಗೆ ಮಾತ್ರ!

ಆ ಕೆರೆಯ ಕಪ್ಪೆಗಳಲ್ಲಿ ಒಂದು ಪದ್ಧತಿಯಿತ್ತು. ಮೊದಲ ಮಳೆ ಬಿದ್ದ ಮರುದಿನ ಆಚೆ ದಡಕ್ಕೆ ಈಜಿಹೋಗಿ, ಅಲ್ಲಿನ ಜೊಂಡಿನ ನಡುವೆ ಮೊಟ್ಟೆ ಇಡಬೇಕು. ಈಚೆ ದಡದಲ್ಲಿ ಇಟ್ಟರೆ ಅದು ಮೀನುಗಳ ಪಾಲು. ಹೋದ ವರ್ಷ ಚೆನ್ನಿ ನಡುಕೆರೆಯಲ್ಲಿ ಸುಸ್ತಾಗಿ ಹಿಂದಿರುಗಿದ್ದಳು. ಆಮೇಲೆ ಬೇರೆಯವರ ಮರಿಗಳು ಕುಪ್ಪಳಿಸಿಕೊಂಡು ಬಂದಾಗ ಅವಳಿಗೆ ಅಳುವೇ ಬಂದಿತ್ತು. ಈ ಸಲ ದಾಟಿಯೇ ತೀರಬೇಕೆಂದು ಅವಳು ಹಟ ಹಿಡಿದಳು.

ಅದೇ ಕೆರೆಯಲ್ಲಿ ಉದ್ದಪ್ಪ ಎಂಬ ಮುದಿ ನೀರುಹಾವು ಇದ್ದ. ಅಟ್ಟಿಸಿಕೊಂಡು ಹೋಗಿ ಹಿಡಿಯುವ ಕಸುವು ಅವನಲ್ಲಿ ಉಳಿದಿರಲಿಲ್ಲ. ಆದ್ದರಿಂದ, “ನಾನು ಕಪ್ಪೆ ತಿನ್ನುವುದನ್ನು ಬಿಟ್ಟೆ” ಎಂದು ಕೆರೆಗೆಲ್ಲ ಸಾರಿ, ಈಜು ಕಲಿಸುವ ಮೇಷ್ಟ್ರಾದ.

“ನೋಡಮ್ಮ ಚೆನ್ನಿ, ಈಜೆಲ್ಲ ಇರೋದು ಕಾಲಿನಲ್ಲಿ,” ಎಂದ ಉದ್ದಪ್ಪ. “ಕೈಕಾಲು ಒಟ್ಟಿಗೆ ಬಡಿ. ನಿಲ್ಲಿಸಲೇಬೇಡ. ನೀರು ಎಷ್ಟು ಮೇಲಕ್ಕೆ ಹಾರುತ್ತೋ ಅಷ್ಟು ಒಳ್ಳೆ ಈಜು!”

“ಆಗಲಿ ಮೇಷ್ಟ್ರೇ,” ಎಂದಳು ಚೆನ್ನಿ. ಕಲಿಸುವವನಿಗೆ ಕಾಲೇ ಇಲ್ಲವೆಂಬುದು ಅವಳಿಗೆ ಹೊಳೆಯಲಿಲ್ಲ. ಮೇಷ್ಟ್ರು ಎಂದಮೇಲೆ ಮುಖ ನೋಡುತ್ತೇವೆ, ಕಾಲು ಯಾರು ನೋಡುತ್ತಾರೆ? “ನಿಮ್ಮ ಹಳೇ ಶಿಷ್ಯರೆಲ್ಲ ಎಲ್ಲಿ ಮೇಷ್ಟ್ರೇ?” ಎಂದು ಮಾತ್ರ ಕೇಳಿದಳು.

“ಎಲ್ಲರೂ ಪಾಸಾಗಿ ಆಚೆ ದಡ ಸೇರಿದರು,” ಎಂದು ಉದ್ದಪ್ಪ ಉಬ್ಬಿದ ಹೊಟ್ಟೆಯನ್ನು ಮೆಲ್ಲಗೆ ನೀರಿನೊಳಕ್ಕೆ ಎಳೆದುಕೊಂಡ.

ಚೆನ್ನಿ ದಿನವಿಡೀ ದಬದಬ ಬಡಿದಳು. ನೊರೆ ಎದ್ದಿತು, ಸದ್ದು ಎದ್ದಿತು, ಅವಳು ಮಾತ್ರ ಇದ್ದಲ್ಲೇ ಇದ್ದಳು. ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಆಮೆ ಕಲ್ಲಜ್ಜಿಗೆ ನಗು ತಡೆಯಲಾಗಲಿಲ್ಲ.

“ಏನೇ ಮಗಳೇ, ಈಜ್ತಿದ್ದೀಯೋ, ಕೆರೆಯನ್ನೇ ಒಗೀತಿದ್ದೀಯೋ?”

“ಮೇಷ್ಟ್ರು ಹೀಗೇ ಹೇಳಿಕೊಟ್ಟರು ಅಜ್ಜಿ.”

“ಅವನ ಕಾಲು ಯಾವ ಕಡೆಗಿದೆ, ನೋಡಿದ್ದೀಯಾ? ಆಚೆ ದಡದಲ್ಲೂ ನಾನು ಓಡಾಡ್ತೀನಿ. ಅವನ ಶಿಷ್ಯರು ಒಬ್ಬರೂ ಅಲ್ಲಿಗೆ ಬಂದದ್ದು ಕಂಡಿಲ್ಲ.”

ಚೆನ್ನಿ ಸರಕ್ಕನೆ ದಡಕ್ಕೆ ಜಿಗಿದಳು. ಮೇಷ್ಟ್ರ ಉಬ್ಬಿದ ಹೊಟ್ಟೆಯ ಗುಟ್ಟು ಈಗ ಅವಳಿಗೆ ಅರ್ಥವಾಯಿತು.

“ಹೆದರಬೇಡ,” ಎಂದಳು ಕಲ್ಲಜ್ಜಿ. “ಮೊದಲು ಕೈ ಎಳಿ, ಉಸಿರು ತಗೋ. ಆಮೇಲೆ ಮೊಣಕಾಲು ಮಡಚಿ, ಪಾದ ಹೊರಕ್ಕೆ ತಿರುಗಿಸು. ಕೈ ಮುಂದೆ ಚಾಚುತ್ತಾ ನೀರನ್ನು ಹಿಂದಕ್ಕೆ ಒದಿ. ಕಾಲು ಕೂಡಿಸು. ಕೂಡಿಸಿ ಸುಮ್ಮನಿರು. ಆಗ ನೀರೇ ನಿನ್ನನ್ನು ಹೊತ್ತುಕೊಂಡು ಹೋಗುತ್ತೆ.”

ಸುಮ್ಮನಿರುವುದೇ ಚೆನ್ನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆದರೂ ಮಳೆ ಬರುವಷ್ಟರಲ್ಲಿ ಕಲಿತಳು.

ಮೊದಲ ಮಳೆಯ ಮರುದಿನ ಉದ್ದಪ್ಪ ನಡುಕೆರೆಯ ತಾವರೆ ಎಲೆಯಡಿ ಬಾಯಿ ಚಪ್ಪರಿಸುತ್ತಾ ಕಾದ. ದಬದಬ ಸದ್ದು ಬಂದ ಕಡೆ ಬಾಯಿ ತೆರೆದರೆ ಸಾಕು, ಸುಸ್ತಾದ ಊಟ ತಾನಾಗಿ ಸಿಗುತ್ತದೆ!

ಚೆನ್ನಿ ಹೊರಟಳು. ಹೋದ ವರ್ಷ ಹಿಂದಿರುಗಿದ ಜಾಗ ಬಂದಾಗ ಭಯದಿಂದ ಕಾಲು ತಾನಾಗಿ ಬಡಿಯಲು ಹೊರಟಿತು. ಅವಳು ತಡೆದಳು. ಎಳೆದಳು, ಒದ್ದಳು, ಕೂಡಿಸಿದಳು, ಸುಮ್ಮನಾದಳು. ತಾವರೆ ಎಲೆಯ ಪಕ್ಕದಲ್ಲೇ ಹಾದುಹೋದಳು. ಎಲೆ ಕೂಡ ಅಲುಗಲಿಲ್ಲ.

ಹೊತ್ತು ಏರಿತು. ಸದ್ದೇ ಇಲ್ಲ. ಉದ್ದಪ್ಪನ ತಾಳ್ಮೆ ತಪ್ಪಿತು. “ಎಲ್ಲಿ ಹೋದಳು?” ಎಂದು ಬಾಲ ಬಡಿದು, ತಲೆ ಅಪ್ಪಳಿಸಿ ಕೆರೆಯನ್ನೆಲ್ಲ ಕದಡಿದ. ನೀರು ಮಾರುದ್ದ ಮೇಲಕ್ಕೆ ಹಾರಿತು. ಆಕಾಶದಲ್ಲಿ ಸುತ್ತುತ್ತಿದ್ದ ಹದ್ದು ಅದನ್ನು ಕಂಡಿತು. ಸರ್ರನೆ ಇಳಿದು ಉದ್ದಪ್ಪನನ್ನು ಎತ್ತಿಕೊಂಡು ಹಾರಿತು.

ಜೊಂಡಿನ ನಡುವೆ ಮೊಟ್ಟೆಗಳ ಪಕ್ಕದಲ್ಲಿ ಕುಳಿತಿದ್ದ ಚೆನ್ನಿ ತಲೆಯೆತ್ತಿ ಕೂಗಿದಳು:

“ಮೇಷ್ಟ್ರೇ, ನಿಲ್ಲಿಸಬೇಡಿ! ಜೋರಾಗಿ ಕಾಲು ಬಡೀರಿ!”

ನೀತಿ: ಆರ್ಭಟ ಮಾಡಿದವರೆಲ್ಲ ದಡ ಸೇರುವುದಿಲ್ಲ, ಸರಿಯಾದ ಹೊತ್ತಿಗೆ ಒದ್ದು, ಸರಿಯಾದ ಹೊತ್ತಿಗೆ ಸುಮ್ಮನಿರಲು ಬಲ್ಲವರೇ ಸೇರುತ್ತಾರೆ.