ಹಾಲಗೆರೆಗಾಗಿ ಕಾದ ಮತಪೆಟ್ಟಿಗೆ

ಹಾಲಗೆರೆ ಲೋಕಸಭಾ ಕ್ಷೇತ್ರದ ನಮ್ಮ ಮತಗಟ್ಟೆಯಲ್ಲಿ ಹೆಂಗಸರು ಮತಪೆಟ್ಟಿಗೆಗೆ ಕುಂಕುಮವಿಟ್ಟು ವೋಟು ಹಾಕಿದರೆಂದು ೧೯೮೪ರ ಡಿಸೆಂಬರ್ ೨೪ರ ನನ್ನ ದಿನಚರಿಯಲ್ಲಿದೆ. ಆ ಪೆಟ್ಟಿಗೆ ಆ ಕೈಗಳನ್ನು ಮರೆಯಲೇ ಇಲ್ಲ. ತಾಲ್ಲೂಕು ಕಚೇರಿಯ ಉಗ್ರಾಣದಲ್ಲಿ ವರ್ಷಗಟ್ಟಲೆ ಅವುಗಳಿಗಾಗಿಯೇ ಕಾದು ಕುಳಿತಿತ್ತು.

ಒಂದು ದಿನ ಉಗ್ರಾಣದ ಮೂಲೆಯಲ್ಲಿದ್ದ ಎಣ್ಣೆಬುಡ್ಡಿ ಕೇಳಿತು: “ಅಕ್ಕ, ಪಂಚಾಯಿತಿ ಚುನಾವಣೆಗೆ ಪೆಟ್ಟಿಗೆ ಬೇಕಂತೆ. ತುಕ್ಕು ಹಿಡಿದ ಮುಚ್ಚಳಕ್ಕೆ ಎರಡು ಹನಿ ಬಿಡಲೇ?”

“ದಿಲ್ಲಿಗೆ ಆಳು ಕಳಿಸಿದವಳು ನಾನು. ಚರಂಡಿ ಜಗಳದವರಿಗೆಲ್ಲ ಬಾಯಿ ತೆರೆಯಲೇ? ಹಾಲಗೆರೆ ಕ್ಷೇತ್ರ ಕರೆಯಲಿ, ಬರುತ್ತೇನೆ.”

“ಆ ಕ್ಷೇತ್ರವನ್ನು ಮೂರು ಹೋಳು ಮಾಡಿ ಅಕ್ಕಪಕ್ಕದವಕ್ಕೆ ಹಂಚಿ ಯಾವ ಕಾಲವಾಯಿತು. ಜನ ಮಾತ್ರ ಅವರೇ, ಅಕ್ಕ.”

“ಹೆಸರೇ ಹೋದ ಮೇಲೆ ಜನ ಅವರೇ ಹೇಗಾದಾರು? ನಿನ್ನ ಎಣ್ಣೆ ನಿನ್ನ ಹತ್ತಿರವೇ ಇರಲಿ.”

ಮರುದಿನ ಗುಮಾಸ್ತ ಬಂದು ಮುಚ್ಚಳ ಎಳೆದ. ತುಕ್ಕು ಬಿಡಲಿಲ್ಲ. ಅವನು ಪಕ್ಕದ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದ.

ಎಣಿಕೆ ಮುಗಿದು ಅದು ಮರಳಿ ಬಂದಾಗ ಅದರ ಹಣೆಯ ಮೇಲೆ ಕುಂಕುಮವಿತ್ತು.

“ಯಾರಿಟ್ಟರು?”

“ಹಾಲಗೆರೆಯ ಅಜ್ಜಿಯರು. ಮೊದಲಿನ ಪೆಟ್ಟಿಗೆ ಎಲ್ಲಿ ಎಂದು ಕೇಳಿದರು.”

ಕ್ಷೇತ್ರದ ಹೆಸರು ಮರಳಲೇ ಇಲ್ಲ. ಎರಡು ಹನಿ ಎಣ್ಣೆ ಬೇಡವೆಂದದ್ದಕ್ಕೆ ಪೆಟ್ಟಿಗೆ ಕಳೆದುಕೊಂಡದ್ದು ಒಂದು ಚಿಟಿಕೆ ಕುಂಕುಮ.