ನೀರಿನ ಮಂಡಲದ ಮೇಲೆ ಗಾಜಿನ ಪಾತ್ರೆ

"ಗುರುಗಳೇ, ನಲವತ್ತೆಂಟು ದಿನಗಳ ವ್ರತ ಇಂದು ಬೆಳಿಗ್ಗೆ ಮುಗಿಯಿತು. ಹಸಿವನ್ನು ಗೆದ್ದೆ. ನಿದ್ದೆಯನ್ನು ಗೆದ್ದೆ. ಮೌನವೂ ಕೆಡಲಿಲ್ಲ. ಇಷ್ಟನ್ನು ತಾಳಿಕೊಂಡವನಿಗೆ ಇನ್ನು ನಿಯಮವೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕುಳ್ಳಿರಿಸಿದರು. ಅವನ ಬೆನ್ನು ನೆಟ್ಟಗಾಗುವವರೆಗೆ ಕಾದರು. ಬಳಿಕ ಹೇಳಿದರು:

ಒಂದು ದೇವಸ್ಥಾನದಲ್ಲಿ ಒಬ್ಬ ಅಡುಗೆಭಟ್ಟನಿದ್ದ. ಮೂವತ್ತು ವರ್ಷ ಹಿತ್ತಾಳೆ ಪಾತ್ರೆಯಲ್ಲಿ ನೈವೇದ್ಯ ಬೇಯಿಸಿದವನು. ಒಬ್ಬ ವರ್ತಕ ಆ ಪಾಕಶಾಲೆಗೆ ಒಂದು ಓವನ್ನನ್ನೂ, ಗಾಜಿನ ಮುಚ್ಚಳವಿದ್ದ ಎರಡು ಗಾಜಿನ ಪಾತ್ರೆಗಳನ್ನೂ ಕಾಣಿಕೆಯಾಗಿ ಕೊಟ್ಟ. ಓವನ್ನಿಗೆಂದೇ ಮಾಡಿದ ಗಾಜು ಅದು. ಭಟ್ಟ ಒಂದರಲ್ಲಿ ಕ್ಷೀರಾನ್ನವಿಟ್ಟ. ಒಂದು ಗಂಟೆ ಬೆಂದಿತು. ಅಂಥ ಕೆನೆ ಹಿತ್ತಾಳೆಯಲ್ಲಿ ಎಂದೂ ಕಟ್ಟಿರಲಿಲ್ಲ.

ಆ ದೇವಸ್ಥಾನಕ್ಕೊಂದು ಪದ್ಧತಿಯಿತ್ತು. ಅರ್ಚಕರು ಕಲ್ಲುನೆಲದ ಮೇಲೆ ನೀರಿನಿಂದ ಚೌಕ ಮಂಡಲ ಬರೆಯುವರು. ನೈವೇದ್ಯದ ಪಾತ್ರೆಯನ್ನು ಅದರ ಮೇಲಿಡಬೇಕು. ಮುಚ್ಚಳದ ಮೇಲೆ ನೀರು ಪ್ರೋಕ್ಷಿಸಬೇಕು. ಭಟ್ಟ ಓವನ್ನಿನಿಂದ ತೆಗೆದ ಪಾತ್ರೆಯನ್ನು, ಹಿತ್ತಾಳೆಯದನ್ನು ಇಡುವಂತೆಯೇ, ಒದ್ದೆ ಮಂಡಲದ ಮೇಲೆ ಇಟ್ಟ. ಗುಂಡು ಹಾರಿದಂತೆ ಸದ್ದಾಯಿತು. ಪಾತ್ರೆ ನುಚ್ಚುನೂರಾಯಿತು. ಚೂರು ಬೆರೆತ ಕ್ಷೀರಾನ್ನವನ್ನು ಮಣ್ಣಿನಲ್ಲಿ ಹೂಳಬೇಕಾಯಿತು. ಅಂದು ದೇವರಿಗೆ ನೈವೇದ್ಯ ತಪ್ಪಿತು.

"ಇನ್ನೊಮ್ಮೆ ತಪ್ಪಿದರೆ ಸೌಟು ಕೆಳಗಿಟ್ಟು ಮನೆಗೆ ನಡೆಯಿರಿ," ಎಂದರು ಧರ್ಮದರ್ಶಿಗಳು.

ಹಿತ್ತಾಳೆಗೆ ಮರಳಿದ್ದರೆ ಭಟ್ಟನ ಕೆಲಸಕ್ಕೆ ಅಪಾಯವಿರಲಿಲ್ಲ. ಆದರೆ ತಪ್ಪು ಗಾಜಿನದೋ ತನ್ನದೋ ಎಂದು ತಿಳಿಯದೆ ಉಳಿದ ಪಾತ್ರೆಯನ್ನು ಅಟ್ಟಕ್ಕೆ ಹಾಕಲು ಅವನ ಮನಸ್ಸು ಒಪ್ಪಲಿಲ್ಲ. ಅವನು ಚೂರುಗಳ ಮುಂದೆ ಕುಳಿತು ಯೋಚಿಸಿದ. ಒಂದು ಗಂಟೆಯ ಬೇಗೆಯನ್ನು ತಾಳಿದ ಗಾಜು ಒಂದು ಹಿಡಿ ನೀರಿಗೆ ಸೋತದ್ದೇಕೆ? ಬೇಗೆ ಅದರ ಶತ್ರುವಲ್ಲ. ತಂಪೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ಹಠಾತ್ತನೆ ಹಾರಿಸುವ ಕೈಯೇ ಶತ್ರು. ಆ ಕೈ ತನ್ನದು. ಅಷ್ಟು ತಿಳಿದ ಮೇಲೆ ಅವನು ಎದ್ದು ಚೂರುಗಳನ್ನು ಗುಡಿಸಿದ.

ದ್ವಾದಶಿ ಬಂದಿತು. ಹಿಂದಿನ ದಿನವೆಲ್ಲ ಉಪವಾಸವಿದ್ದ ಜನ ಪ್ರಸಾದಕ್ಕಾಗಿ ಅಂಗಳದಲ್ಲಿ ಕುಳಿತಿದ್ದರು. ಧರ್ಮದರ್ಶಿಗಳು ಮೊದಲ ಸಾಲಿನಲ್ಲಿದ್ದರು.

ಭಟ್ಟ ಎರಡನೆಯ ಪಾತ್ರೆಯನ್ನು ಬೆಳಕಿಗೆ ಹಿಡಿದ. ಅಂಚಿನ ಸುತ್ತ ಉಗುರು ಓಡಿಸಿದ. ಗೀರಿಲ್ಲ, ಮುಕ್ಕಿಲ್ಲ. ಮುಚ್ಚಳವನ್ನೂ ಹಾಗೆಯೇ ನೋಡಿದ. ಫ್ರಿಜ್ಜಿನ ಹಾಲನ್ನು ಹಾಗೆಯೇ ಸುರಿಯಲಿಲ್ಲ. ಉಗುರುಬೆಚ್ಚಗೆ ಮಾಡಿ ಸುರಿದ. ಓವನ್ ಪೂರ್ತಿ ಕಾದ ಮೇಲೆಯೇ ಪಾತ್ರೆಯನ್ನು ಒಳಗಿಟ್ಟ. ನಡುವೆ ಬಾಗಿಲು ತೆರೆದು ತಣ್ಣನೆಯ ಹಾಲು ಸೇರಿಸಲಿಲ್ಲ. ಗಂಟೆಯಾದ ಮೇಲೆ ಒಣಗಿದ ದಪ್ಪ ಬಟ್ಟೆಯಿಂದ ಎರಡೂ ಕೈಯಲ್ಲಿ ಹಿಡಿದು ಹೊರತೆಗೆದ. ದೇವರ ಮುಂದೆ ಬಂದು ನಿಂತ.

ಮಂಡಲ ಸಿದ್ಧವಾಗಿತ್ತು. ಭಟ್ಟ ಪಾತ್ರೆಯನ್ನು ಇಳಿಸಲಿಲ್ಲ.

"ಆಚಾರ್ಯರೇ, ಮಂಡಲದ ಮೇಲೆ ಒಂದು ಮಣೆ ಇಡಿ. ಮಣೆಯ ಮೇಲೆ ಒಣ ಮಡಿಬಟ್ಟೆ ಹಾಸಿ."

ಅರ್ಚಕರು ಎಲ್ಲರಿಗೂ ಕೇಳುವಂತೆ ಹೇಳಿದರು: "ಏನು ಭಟ್ಟರೇ, ಇದು ಪಾತ್ರೆಯೋ, ಬಾಣಂತಿಯೋ?"

"ಬಾಣಂತಿಯೆಂದೇ ತಿಳಿಯಿರಿ. ತಣ್ಣೀರು ಸೋಕಬಾರದು. ಗಾಳಿ ಬೀಸಬಾರದು. ಬೇಗ ಹಾಸಿ, ಕೈ ಸುಡುತ್ತಿದೆ."

ಅಂಗಳದಲ್ಲಿ ನಗೆ ಎದ್ದಿತು. ಧರ್ಮದರ್ಶಿಗಳು ನಗಲಿಲ್ಲ. ಅರ್ಚಕರು ಮಣೆ ಇಟ್ಟರು, ಬಟ್ಟೆ ಹಾಸಿದರು. ಭಟ್ಟ ಪಾತ್ರೆಯನ್ನು ಮೆಲ್ಲಗೆ ಇಳಿಸಿದ. ಮಂಡಲ ಕೆಳಗಿತ್ತು, ಗಾಜು ಮೇಲಿತ್ತು, ಎರಡಕ್ಕೂ ಕೇಡಾಗಲಿಲ್ಲ.

ಅಷ್ಟರಲ್ಲಿ ಅರ್ಚಕರು ರೂಢಿಯಂತೆ ಪ್ರೋಕ್ಷಣೆಗೆ ಕೈ ಎತ್ತಿದರು. ಮುಚ್ಚಳ ಇನ್ನೂ ಕಾದಿತ್ತು. ಭಟ್ಟ ಅದರ ಮೇಲೆ ತನ್ನ ಎರಡೂ ಅಂಗೈಗಳನ್ನು ಜೋಡಿಸಿ ಹಿಡಿದ. ನೀರು ಅಂಗೈಗೆ ಬಿದ್ದಿತು. ಒಂದು ಹನಿಯೂ ಕೆಳಗಿಳಿಯಲಿಲ್ಲ.

"ಇದೇನು! ದೇವರ ನೀರನ್ನು ಕೈಯಲ್ಲಿ ಹಿಡಿಯುವುದೇ?"

"ತೀರ್ಥವನ್ನು ಕೈಯಲ್ಲಲ್ಲದೆ ಇನ್ನೆಲ್ಲಿ ಹಿಡಿಯಲಿ, ಆಚಾರ್ಯರೇ?"

ಅರ್ಚಕರು ಎತ್ತಿದ ಕೈಯನ್ನು ಇಳಿಸಿದರು. ಗಂಟೆ ಬಾರಿಸಿದರು. ಮಂಗಳಾರತಿ ಆಯಿತು. ಎಲ್ಲರ ಕಿವಿ ಪಾತ್ರೆಯ ಕಡೆಗಿತ್ತು. ಸದ್ದಾಗಲಿಲ್ಲ. ಭಟ್ಟ ಒಣ ಬಟ್ಟೆಯಿಂದ ಮುಚ್ಚಳವನ್ನು ಮುಖದಿಂದಾಚೆಗೆ ಓರೆಯಾಗಿ ಎತ್ತಿ ಹಬೆಯನ್ನು ಹೋಗಗೊಟ್ಟ. ಮುಚ್ಚಳವನ್ನು ಇನ್ನೊಂದು ಒಣ ಬಟ್ಟೆಯ ಮೇಲಿಟ್ಟ. ಪಾತ್ರೆಯ ತುಂಬ ಹೊಂಬಣ್ಣದ ಕೆನೆ ಕಟ್ಟಿತ್ತು.

"ಬಾಣಂತಿ ಕ್ಷೇಮ!" ಎಂದು ಅರ್ಚಕರೇ ಕೂಗಿ ಹೇಳಿದರು.

ಜನ ಎದ್ದು ನಿಂತು ಜಯಘೋಷ ಮಾಡಿದರು. ಧರ್ಮದರ್ಶಿಗಳು ಎರಡು ಬಾರಿ ಕೈ ಒಡ್ಡಿದರು. ಭಟ್ಟ ಸೌಟು ಕೆಳಗಿಡದೆ ಕಡೆಯವನವರೆಗೂ ಬಡಿಸಿದ. ಬರಿದಾದ ಪಾತ್ರೆ ತಾನಾಗಿ ಆರಿದ ಮೇಲೆಯೇ ಅದಕ್ಕೆ ನೀರು ಮುಟ್ಟಿಸಿದ. ಆ ಪಾತ್ರೆ ಹದಿನೇಳು ವರ್ಷ ಬಾಳಿತು. ಮಂಡಲದ ಮೇಲೆ ಮಣೆ ಇಡುವುದು ಅಲ್ಲಿಯ ಪದ್ಧತಿಯಾಯಿತು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತ್ತು. "ಭಟ್ಟ ಗೆದ್ದ, ಗುರುಗಳೇ!" ಎಂದು ಹೊರಡಲು ಎದ್ದ.

ಗುರುಗಳು ಕೇಳಿದರು: "ನೀನು ಓವನ್ನಿನಿಂದ ಹೊರಬಂದು ಎಷ್ಟು ಹೊತ್ತಾಯಿತು?"