ತೀರ್ಪುಗಾರ ಅಟ್ಟಣೆ ಇಳಿದದ್ದು

ಕರಿಕಲ್ಲು ಅಂತ ಒಂದು ರಾಜ್ಯ ಇತ್ತು ಮಕ್ಕಳೇ. ಅಲ್ಲಿನ ರಾಜನಿಗೆ ಬುಟ್ಟಿಚೆಂಡಿನ ಹುಚ್ಚು. ಬಯಲಿನ ಆ ತುದಿಗೊಂದು ಕಂಬ, ಈ ತುದಿಗೊಂದು ಕಂಬ, ಕಂಬದ ಮೇಲೆ ತಳವಿಲ್ಲದ ಬುಟ್ಟಿ. ಚೆಂಡನ್ನು ಬುಟ್ಟಿಗೆ ಹಾಕಬೇಕು, ಎದುರಾಳಿಯ ಮೈ ಹಿಡಿಯಬಾರದು. ಆಟ ಇಷ್ಟೇ.

ತೀರ್ಪು ಹೇಳುವವನು ದ್ಯಾವಪ್ಪ. ತಪ್ಪು ಕಂಡರೆ ಕೊಂಬು ಊದಿ ಆಟ ನಿಲ್ಲಿಸುತ್ತಿದ್ದ. ಹದ್ದಿನ ಕಣ್ಣು ಅವನದು. ಕಾಲಿಗೆ ಮಾತ್ರ ಕೆಲಸವೇ ಇರಲಿಲ್ಲ. ಬಯಲಿನ ಪಕ್ಕ ಎತ್ತರದ ಅಟ್ಟಣೆ, ಕೂರಲು ಮೆತ್ತೆ, ತಲೆಗೆ ಕೆಂಪು ಪೇಟ. ಕೂತನೆಂದರೆ ಕೂತ, ಮಹಾರಾಯ.

ಇದು ಆಟಗಾರರಲ್ಲೊಬ್ಬನಾದ, ಸೇನಾಪತಿಯ ಭಾವಮೈದ ಗುಡ್ಡಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲಿನಷ್ಟು ಅಗಲದ ಬೆನ್ನು ಅವನದು. ಒಂದು ದಿನ ಆಟದ ನಡುವೆ ಆ ಬೆನ್ನನ್ನು ಅಟ್ಟಣೆಯ ಕಡೆ ತಿರುಗಿಸಿ, ಮುಂದಿದ್ದ ಎದುರು ತಂಡದ ಬಡಕಲು ಹೊನ್ನನ ನಡುಪಟ್ಟಿ ಹಿಡಿದು ಎಳೆದ. ಹೊನ್ನ ದೊಪ್ಪನೆ ಬಿದ್ದ.

"ಎಳೆದ್ರು ಸ್ವಾಮಿ," ಅಂದ ಹೊನ್ನ.

"ನನಗೆ ಕಾಣ್ಲಿಲ್ಲ," ಅಂದ ದ್ಯಾವಪ್ಪ.

ಎರಡನೇ ದಿನವೂ ಗುಡ್ಡಣ್ಣ ಎಳೆದ, ಹೊನ್ನ ಬಿದ್ದ, ದ್ಯಾವಪ್ಪನಿಗೆ ಕಾಣಲಿಲ್ಲ. ರಾಜ ರೇಗಿದ. "ನಾಳೆಯೂ ಸುಳ್ಳು ದೂರು ಹೇಳಿದ್ರೆ ಹೊನ್ನ ಇನ್ನು ಈ ಬಯಲಿಗೆ ಕಾಲಿಡಕೂಡದು."

ಹೊನ್ನನಿಗೆ ಆಟವೇ ಉಸಿರು. ಅವನು ಕಣ್ಣೊರೆಸಿಕೊಂಡು ಹೋದದ್ದನ್ನು ದ್ಯಾವಪ್ಪ ಅಟ್ಟಣೆಯಿಂದಲೇ ನೋಡಿದ. ಮನೆಗೆ ಬಂದಾಗ ಹೆಂಡತಿ ಬೀರಮ್ಮ ಕುರಿಗಳನ್ನು ಹಟ್ಟಿಗೆ ಹೊಡೆಯುತ್ತಿದ್ದಳು.

"ನನ್ನ ಕಣ್ಣು ಮಂಜಾಯ್ತೇನೋ ಕಣೇ," ಅಂದ.

"ಕಣ್ಣಿಗೇನಾಗಿದೆ? ಕುರಿ ಹಿಂದೆ ನಿಂತು ನೋಡಿ."

ಹಿಂದೆ ನಿಂತ. ಬರೀ ಬಾಲ ಕಂಡಿತು. ಮುಂದೆ ನಿಂತ. ಮೊದಲ ಕುರಿಯ ಮೂತಿ ಕಂಡಿತು. ಪಕ್ಕಕ್ಕೆ ಬಂದು ನಿಂತ. ಒಂದೊಂದು ಕುರಿಯೂ ಬೇರೆ ಬೇರೆಯಾಗಿ ಕಂಡಿತು.

"ನೋಡ್ಬೇಕಾದ್ದು ಕುರೀನಲ್ಲ ಕಣ್ರಿ, ಕುರಿಗೂ ಕುರಿಗೂ ಮಧ್ಯದ ಸಂದು," ಅಂದಳು ಬೀರಮ್ಮ. "ಸಂದು ಕಾಣ್ದಿದ್ರೆ ಒಂದೆರಡು ಹೆಜ್ಜೆ ಸರೀಬೇಕು. ನೀವು ಸರೀತೀರಾ? ಮೆತ್ತೆ ಬಿಟ್ಟು ಎದ್ದರೆ ತಾನೇ?"

ದ್ಯಾವಪ್ಪನಿಗೆ ನಾಚಿಕೆಯಾಯಿತು. ಬೆನ್ನಿಗೇ ಒಂದು ಉಪಾಯವೂ ಹೊಳೆಯಿತು.

ಮೂರನೇ ದಿನ ಗುಡ್ಡಣ್ಣ ಅಟ್ಟಣೆಯ ಕಡೆ ಓರೆನೋಟ ಬೀರಿದ. ಕೆಂಪು ಪೇಟ ಎಂದಿನಂತೆ ಅಲ್ಲೇ ಇತ್ತು. ಮೀಸೆಯಡಿಯಲ್ಲೇ ನಕ್ಕು, ಬೆನ್ನು ತಿರುಗಿಸಿ, ಹೊನ್ನನ ನಡುಪಟ್ಟಿಗೆ ಕೈ ಹಾಕಿದ.

ಪೂಂ ಅಂತ ಕೊಂಬು ಮೊಳಗಿತು. ಅಟ್ಟಣೆಯಿಂದಲ್ಲ, ಗುಡ್ಡಣ್ಣನ ಮಗ್ಗುಲಲ್ಲೇ. ಅಲ್ಲಿ ಬರಿತಲೆಯ ದ್ಯಾವಪ್ಪ ನಿಂತಿದ್ದ. ಹೊನ್ನನಿಗೂ ಗುಡ್ಡಣ್ಣನಿಗೂ ನಡುವಿನ ಸಂದು ಅವನ ಕಣ್ಣೆದುರೇ ಇತ್ತು. ಗುಡ್ಡಣ್ಣನ ಕೈ ಇನ್ನೂ ಪಟ್ಟಿಯಲ್ಲೇ ಸಿಕ್ಕಿಕೊಂಡಿತ್ತು.

"ಹಾಗಾದ್ರೆ ಅಲ್ಲಿ ಕೂತಿರೋದು ಯಾರು?" ಅಂತ ತೊದಲಿದ ಗುಡ್ಡಣ್ಣ.

ಬೀರಮ್ಮ ಪೇಟ ಸರಿಮಾಡಿಕೊಂಡು, "ನಾನು ಕಣಪ್ಪ. ಮೆತ್ತೆ ಹಿತವಾಗಿದೆ. ಆದ್ರೆ ಇಲ್ಲಿಂದ ನಿನ್ನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ," ಅಂದಳು. ಬಯಲಿಗೆ ಬಯಲೇ ಗೊಳ್ಳೆಂದಿತು.

ಹೊನ್ನನಿಗೆ ವಿಧಿಸಬೇಕೆಂದಿದ್ದ ಶಿಕ್ಷೆಯನ್ನು ರಾಜ ಗುಡ್ಡಣ್ಣನಿಗೆ ವಿಧಿಸಿದ. ದ್ಯಾವಪ್ಪ ಎಲ್ಲರ ಎದುರೇ ಹೊನ್ನನಿಗೆ ಕೈ ಮುಗಿದ. "ಸುಳ್ಳಾಗಿದ್ದು ನಿನ್ನ ಮಾತಲ್ಲಪ್ಪ, ನಾನು ಕೂತ ಜಾಗ," ಅಂದ. ಹೊನ್ನ ಚೆಂಡನ್ನು ಎತ್ತಿಕೊಂಡು, ಆಟ ಶುರುಮಾಡಿ ಅಂತ ಅವನ ಕೈಗೇ ಕೊಟ್ಟ.

ತಿಳೀತಾ ಮಕ್ಕಳೇ? ಕಣ್ಣು ಚುರುಕಾಗಿದ್ದರೆ ಸಾಲದು, ನಿಂತ ಜಾಗವೂ ಸರಿಯಿರಬೇಕು. ನಮಗೆ ಕಾಣಲಿಲ್ಲ ಅಂದಮಾತ್ರಕ್ಕೆ ನಡೆದೇ ಇಲ್ಲ ಅಂತಲ್ಲ. ನ್ಯಾಯ ಹೇಳುವವರು ಮೊದಲು ಎದ್ದು ನಾಲ್ಕು ಹೆಜ್ಜೆ ಸರಿದು ನೋಡಬೇಕು.